ಬೀಳುವ ಹರ್ಡಲ್, ಬೀಳದ ಹರ್ಡಲ್

ನಮ್ಮ ಶಾಲೆಗೆ ಹತ್ತು ಹರ್ಡಲ್‌ಗಳ (ಓಡುವಾಗ ದಾಟುವ, ಮೇಲೆ ಅಡ್ಡ ಪಟ್ಟಿ ಇರುವ ತಡೆ) ಸೆಟ್ಟು ಬಂದು ಕಳೆದ ತಿಂಗಳಿಗೆ ಒಂದು ವರ್ಷ ತುಂಬಿತು. ನಮ್ಮದು ಕೇರಳದ ಗಡಿ ಜಿಲ್ಲೆ ಕಾಸರಗೋಡು. ಮುಳ್ಳೇರಿಯ, ಬದಿಯಡ್ಕ, ಪೆರ್ಲ ಕಡೆಯ ಬೇರೆ ಶಾಲೆಗಳ ಪಿ.ಟಿ. ಟೀಚರ್‌ಗಳು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. "ಹೇಗಿದೆ ಟೀಚರೇ? ನಾವೂ ತರಿಸಬಹುದಾ?" ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಉತ್ತರ ಭಾರತದ್ದು. ಇದೇ ಮಾದರಿಯನ್ನು ಮಾಡಿ ಮಾರುವವರು ತುಂಬಾ ಜನ ಇದ್ದಾರೆ. ನಾನು ಹೇಳುವುದನ್ನು ಯಾರ ಮಾಲನ್ನು ಕೊಳ್ಳುವಾಗಲೂ ನೋಡಿಕೊಳ್ಳಬಹುದು.

ಒಂದು ಹರ್ಡಲ್‌ಗೆ 2,600 ರೂಪಾಯಿ. ಜಿಎಸ್‌ಟಿ, ಸಾಗಾಟ ಎಲ್ಲ ಸೇರಿ 31,500 ರೂಪಾಯಿ ಆಯಿತು. ದುಡ್ಡು ಕೊಟ್ಟವರು ಶಾಲೆಯ ಹಳೆ ವಿದ್ಯಾರ್ಥಿಗಳು. ಸ್ವಲ್ಪ ಪಿ.ಟಿ.ಎ.ಯಿಂದ, ಅಂದರೆ ರಕ್ಷಕ-ಶಿಕ್ಷಕ ಸಂಘದಿಂದ. ಮಾಲು ಶಾಲೆಯವರೆಗೆ ಬರಲಿಲ್ಲ, ಕಾಸರಗೋಡಿನ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಬಂತು. ಅಲ್ಲಿಂದ ಗೂಡ್ಸ್ ಆಟೋದಲ್ಲಿ ತಂದೆವು. ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಪಟ್ಟಿಯೂ ಮುರಿದಿರಲಿಲ್ಲ.

ಅದಕ್ಕೆ ಮೊದಲು ನಮ್ಮಲ್ಲಿ ಇದ್ದದ್ದು ಅಡಿಕೆ ದಬ್ಬೆಯ ಹರ್ಡಲ್. ತೋಟದಲ್ಲಿ ಬಿದ್ದ ಅಡಿಕೆ ಮರ ಸೀಳಿ, ಎರಡು ಕಂಬ ನೆಟ್ಟು, ಮೇಲೊಂದು ಅಡ್ಡ ಕಟ್ಟುವುದು. ನಾನೂ ಚಿಕ್ಕವಳಿದ್ದಾಗ ಇಂಥದ್ದರ ಮೇಲೆಯೇ ಓಡಿ ಕಲಿತವಳು. ಕಟ್ಟಿದರೆ ಬೀಳುವುದಿಲ್ಲ, ತಾಗಿದರೆ ಮೊಣಕಾಲು ಹೋಯಿತು. ಕಟ್ಟದೆ ಮೊಳೆಯ ಮೇಲೆ ಸುಮ್ನೆ ಇಟ್ಟರೆ ಬೀಳುತ್ತದೆ, ಆದರೆ ದಬ್ಬೆ ಉರುಳಿ ಕಾಲಡಿಗೇ ಬರುತ್ತದೆ. ಮೊದಲ ಸಲ ನಿಜವಾದ ಹರ್ಡಲ್ ನೋಡಿದ್ದು ಕಾಲೇಜಿನಲ್ಲಿ, ಮಂಗಳೂರಿನ ಮಂಗಳಾ ಸ್ಟೇಡಿಯಮ್ಮಿನಲ್ಲಿ. ಓಡುವಾಗ ಎರಡನೆಯದು ಕಾಲಿಗೆ ತಾಗಿತು. ಮಡಚಿಕೊಂಡ ಹಾಗೆ ಮುಂದಕ್ಕೆ ಮಲಗಿತು. ನನಗೆ ಏನೂ ಆಗಲಿಲ್ಲ. ಆ ಕ್ಷಣ ಇನ್ನೂ ನೆನಪಿದೆ. ಅಲ್ಲಿಂದ ಮೇಲೆ ಹೆದರಿಕೆ ಹೋಯಿತು, ವೇಗ ಬಂತು. ನನ್ನ ಮಕ್ಕಳಿಗೂ ಅಂಥ ಹರ್ಡಲ್ ಬೇಕು ಅಂತ ಇಪ್ಪತ್ತೆರಡು ವರ್ಷ ಕಾದಿದ್ದೇನೆ.

ಹರ್ಡಲ್ ಬಂದದ್ದು ಜಡಿಮಳೆಯಲ್ಲಿ. ನಮ್ಮದು ಮುರಕಲ್ಲಿನ ಗುಡ್ಡೆ ಸವರಿ ಮಾಡಿದ ಮೈದಾನ. ಜುಲೈಯಲ್ಲಿ ಅಲ್ಲಿ ಓಡಿಸುವ ಹಾಗಿಲ್ಲ. ಪಿ.ಟಿ. ಪೀರಿಯಡ್ ಕ್ಲಾಸಿನ ಒಳಗೆ. ಹೊಸ ಹರ್ಡಲ್ ಒಂದನ್ನು ಬೋರ್ಡಿನ ಪಕ್ಕ ನಿಲ್ಲಿಸಿ ನಾನು ಕಥೆ ಹೇಳಿದೆ. 1964ರ ಟೋಕಿಯೋ ಒಲಿಂಪಿಕ್ಸ್, 110 ಮೀಟರ್ ಹರ್ಡಲ್ಸ್ ಫೈನಲ್, ನಮ್ಮ ಗುರುಬಚನ್ ಸಿಂಗ್ ರಾಂಧಾವಾ ಐದನೆಯವರಾಗಿ ಬಂದದ್ದು. ಆ ಒಲಿಂಪಿಕ್ಸ್‌ನಲ್ಲಿ ಭಾರತದ ಬಾವುಟ ಹಿಡಿದವರೂ ಅವರೇ. ಎರಡು ವರ್ಷ ಮೊದಲು ಏಷ್ಯನ್ ಗೇಮ್ಸ್‌ನಲ್ಲಿ ಡೆಕಾಥ್ಲಾನ್ (ಹತ್ತು ಸ್ಪರ್ಧೆ ಸೇರಿದ್ದು) ಚಿನ್ನ ಗೆದ್ದವರು. ಟೋಕಿಯೋದಲ್ಲಿ ಓಡಿದ್ದು 14.0 ಸೆಕೆಂಡ್.

ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತಳು. "ಟೀಚರೇ, ನಮ್ಮವರು ಐದನೇ ಅಂದ್ರೆ ನಾಲ್ಕನೇ ಯಾರು?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಒಬ್ಬರೂ ಕೇಳಿರಲಿಲ್ಲ. ಮನೆಗೆ ಹೋಗಿ ಹುಡುಕಿದೆ. ನಾಲ್ಕನೆಯವರು ಇಟಲಿಯ ಎಡ್ಡಿ ಒಟ್ಟೋಜ್. ಆಗ ಅವರಿಗೆ ಬರೀ ಇಪ್ಪತ್ತು ವರ್ಷ.

ಮರುದಿನ ಬೋರ್ಡಿನ ಮೇಲೆ ಬರೆದೆ. ಗೆದ್ದ ಅಮೆರಿಕದ ಹೇಸ್ ಜೋನ್ಸ್ 13.6. ಅವರದೇ ದೇಶದ ಲಿಂಡ್‌ಗ್ರೆನ್ 13.7. ಸೋವಿಯತ್ ಒಕ್ಕೂಟದ ಮಿಖಾಯ್ಲೋವ್ ಕೂಡ 13.7. ಒಟ್ಟೋಜ್ 13.8. ರಾಂಧಾವಾ 14.0. ಅಂದರೆ ಕಂಚಿಗೂ ನಾಲ್ಕನೇ ಸ್ಥಾನಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಪಾಲು. ಮಕ್ಕಳು ತಕ್ಷಣ ಹೇಳಿದರು, "ಪಿ.ಟಿ. ಉಷಾನೂ ನಾಲ್ಕನೇ ಅಲ್ವಾ ಟೀಚರೇ!" ಕೇರಳದ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. 1984, ಲಾಸ್ ಏಂಜಲಿಸ್, 400 ಮೀಟರ್ ಹರ್ಡಲ್ಸ್. ಉಷಾ 55.42, ಮೂರನೆಯವರು 55.41.

ನಾಲ್ಕನೇ ಬಂದ ಮೇಲೆ ಒಟ್ಟೋಜ್ ಏನು ಮಾಡಿದರು ಅನ್ನುವುದೇ ಮುಂದಿನ ಪ್ರಶ್ನೆ. ಅದಕ್ಕೆ ಎರಡು ಪೀರಿಯಡ್ ಹೋಯಿತು. ನನಗೂ ಖುಷಿಯಾಯಿತು, ಯಾಕೆಂದರೆ ಹುಡುಕಿದಷ್ಟೂ ಕಥೆ ಚೆನ್ನಾಗಿತ್ತು. 1966ರಲ್ಲಿ ಬುಡಾಪೆಸ್ಟ್‌ನಲ್ಲಿ ಅವರು ಯುರೋಪಿಗೇ ಚಾಂಪಿಯನ್ ಆದರು. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್. ಮತ್ತೆ ಫೈನಲ್. ಡೇವನ್‌ಪೋರ್ಟ್ 13.33, ಹಾಲ್ 13.42, ಒಟ್ಟೋಜ್ 13.46. ಈ ಸಲ ಕಂಚು. ನಾಲ್ಕು ವರ್ಷದಲ್ಲಿ ಒಂದು ಮೆಟ್ಟಿಲು. ಮರುವರ್ಷ ಅಥೆನ್ಸ್‌ನಲ್ಲಿ ಮತ್ತೆ ಯುರೋಪಿನ ಚಿನ್ನ.

ಟೋಕಿಯೋ ಓಟ ನಡೆದದ್ದು ಸಿಂಡರ್ ಟ್ರ್ಯಾಕಿನಲ್ಲಿ, ಅಂದರೆ ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ ಟ್ರ್ಯಾಕಿನಲ್ಲಿ. ಒಲಿಂಪಿಕ್ಸ್‌ನಲ್ಲಿ ಅದೇ ಕೊನೆ. ಮೆಕ್ಸಿಕೋದಿಂದ ಸಿಂಥೆಟಿಕ್ ಬಂತು. ಇದನ್ನು ಮಕ್ಕಳಿಗೆ ಒತ್ತಿ ಹೇಳಿದೆ. ನಮ್ಮವರು ಸಿಂಥೆಟಿಕ್ ಟ್ರ್ಯಾಕ್ ಕಾಣುವುದು ದೊಡ್ಡ ಕ್ರೀಡಾಕೂಟಕ್ಕೆ ಹೋದಾಗ ಮಾತ್ರ. ಉಳಿದ ದಿನ ಕೆಂಪು ಮಣ್ಣು. ಒಟ್ಟೋಜ್, ರಾಂಧಾವಾ ಇಬ್ಬರೂ ಪುಡಿ ಹಾಸಿದ ನೆಲದ ಮೇಲೇ ಓಡಿದವರು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕಿತ್ತು.

ಅವತ್ತಿನಿಂದ ನಮ್ಮ ಮೈದಾನದಲ್ಲಿ ಪ್ರಾಕ್ಟೀಸ್ ಓಟದಲ್ಲಿ ನಾಲ್ಕನೇ ಬಂದವರಿಗೆ ಒಟ್ಟೋಜ್ ಅಂತ ಹೆಸರು. "ಇವತ್ತು ಒಟ್ಟೋಜ್ ಯಾರು?" ಮಕ್ಕಳೇ ಶುರು ಮಾಡಿದ್ದು. ಅವಮಾನ ಅಂತ ಯಾರೂ ತಿಳಿಯುವುದಿಲ್ಲ.

ಇನ್ನು ಹರ್ಡಲ್ ವಿಷಯ. ಆಗಸ್ಟ್ ಕೊನೆಗೆ ಮಳೆ ಬಿಟ್ಟಿತು. ಮೈದಾನಕ್ಕೆ ಇಳಿಸಿದೆವು. ಒಂದೊಂದು ಹತ್ತು ಕಿಲೋಗಿಂತ ಸ್ವಲ್ಪ ಜಾಸ್ತಿ ಭಾರ. ಇಬ್ಬರು ಮಕ್ಕಳು ಆರಾಮವಾಗಿ ಎತ್ತುತ್ತಾರೆ. ಎತ್ತರ 76.2 ಸೆಂಟಿಮೀಟರಿನಿಂದ 106.7ರವರೆಗೆ ಐದು ಹಂತ. ಗುಂಡಿ ಒತ್ತಿ ಎಳೆದರೆ ಏರುತ್ತದೆ. ಈ ಭಾಗ ಗಟ್ಟಿಯಾಗಿದೆ, ವರ್ಷವಾದರೂ ಸಡಿಲ ಆಗಿಲ್ಲ. ಮೇಲಿನ ಪಟ್ಟಿ ಪಿವಿಸಿ. ಅಂಚು ನಯವಾಗಿದೆ. ಬಿಸಿಲಿಗೆ ಒಂದು ಪಟ್ಟಿ ಸ್ವಲ್ಪ ಬಾಗಿದ್ದು ಬಿಟ್ಟರೆ ತೊಂದರೆ ಇಲ್ಲ.

ಮೊದಲ ವಾರ ಎಲ್ಲ ಸರಿ ಇತ್ತು. ಎರಡನೇ ವಾರ ಆ ಏಳನೇ ಕ್ಲಾಸಿನ ಹುಡುಗಿ, ನಾಲ್ಕನೇ ಯಾರು ಅಂತ ಕೇಳಿದವಳು, ಹಿಂದಿನ ಕಾಲನ್ನು ಸ್ವಲ್ಪ ತಡವಾಗಿ ಎತ್ತಿದಳು. ಹರ್ಡಲ್ ತಾಗಿತು. ಬೀಳಲಿಲ್ಲ. ಅವಳು ಬಿದ್ದಳು. ಎರಡೂ ಮೊಣಕಾಲು ತರಚಿ ಮುರಕಲ್ಲಿನ ಮಣ್ಣು ಒಳಗೆ ಹೋಗಿತ್ತು. ತೊಳೆದು, ಔಷಧಿ ಹಚ್ಚಿ, ಆಟೋದಲ್ಲಿ ಮನೆಗೆ ಬಿಟ್ಟು ಬಂದೆ. ಅವಳ ಅಮ್ಮ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಸಂಕಟವಾಯಿತು.

ಬೀಳದ ಹರ್ಡಲನ್ನು ನಾನೇ ಇಪ್ಪತ್ತೆರಡು ವರ್ಷ ಬೇಡ ಬೇಡ ಅಂದವಳು. ದುಡ್ಡು ಕೊಟ್ಟು ಅದನ್ನೇ ತಂದೆನಾ? ಅವತ್ತು ಸಂಜೆ ಫಿಸಿಕ್ಸ್ ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ತಂದೆ. ಮೇಲಿನ ಪಟ್ಟಿಯ ನಡುವಿಗೆ ಕೊಕ್ಕೆ ಹಾಕಿ, ಓಡುವ ದಿಕ್ಕಿಗೆ ಎಳೆದು ನೋಡಿದೆ. ನಿಯಮದ ಪ್ರಕಾರ ಹರ್ಡಲ್ 3.6ರಿಂದ 4 ಕಿಲೋ ಎಳೆತಕ್ಕೆ ಬೀಳಬೇಕು. ಯಾವ ಎತ್ತರಕ್ಕೆ ಇಟ್ಟರೂ ಇಷ್ಟೇ. ನಮ್ಮದು 76.2 ಎತ್ತರದಲ್ಲಿ ಐದು ಕಿಲೋ ದಾಟಿತು. ಹತ್ತರಲ್ಲಿ ಹತ್ತೂ!

ಕಾರಣ ಕಾಲಿನ ಒಳಗಿತ್ತು. ಹರ್ಡಲಿನ ಎರಡು ಉದ್ದ ಕಾಲುಗಳಲ್ಲಿ ಒಂದೊಂದು ತೂಕದ ಗಟ್ಟಿ ಇರುತ್ತದೆ. ಅದು ಜಾರುತ್ತದೆ. ಪಟ್ಟಿ ಎತ್ತರದಲ್ಲಿದ್ದರೆ ಸ್ವಲ್ಪ ಎಳೆದರೂ ಬೀಳುತ್ತದೆ, ಹಾಗಾಗಿ ಗಟ್ಟಿಯನ್ನು ಕಂಬದಿಂದ ದೂರ, ಕಾಲಿನ ತುದಿಗೆ ತಳ್ಳಬೇಕು. ಪಟ್ಟಿ ತಗ್ಗಿಸಿದರೆ ಗಟ್ಟಿಯನ್ನು ಕಂಬದ ಹತ್ತಿರ ತರಬೇಕು. ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವುದಕ್ಕೂ ತಿರುಗಣಿಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ, ಅಷ್ಟೇ. ಕಂಪನಿಯಿಂದ ಹತ್ತೂ ಹರ್ಡಲ್ ಬಂದದ್ದು ಗಟ್ಟಿ ತುದಿಯಲ್ಲಿ ಕೂತು. ಅಂದರೆ ದೊಡ್ಡ ಗಂಡಸರು ಓಡುವ 106.7ಕ್ಕೆ ಹೊಂದಿಸಿದ್ದು. ಅದನ್ನೇ ಮಕ್ಕಳ ಎತ್ತರಕ್ಕೆ ಇಳಿಸಿ ನಾವು ಓಡಿಸಿದ್ದೆವು. ಜೊತೆಗೆ ಬಂದ ಹಾಳೆಯಲ್ಲಿ ಎತ್ತರ ಹೇಗೆ ಬದಲಾಯಿಸುವುದು ಅಂತ ಚಿತ್ರ ಇತ್ತು. ಗಟ್ಟಿಯ ಬಗ್ಗೆ ಒಂದು ಸಾಲೂ ಇಲ್ಲ.

ತಪ್ಪು ನನ್ನದೂ ಹೌದು. ಓಡಿಸುವ ಮೊದಲು ಎಳೆದು ನೋಡಬೇಕಿತ್ತು. ಆದರೆ ಶಾಲೆಗೆ ಮಾರುವ ಮಾಲಿನಲ್ಲಿ ಮಕ್ಕಳ ಎತ್ತರಕ್ಕೆ ಗಟ್ಟಿ ಎಲ್ಲಿರಬೇಕು ಅಂತ ಹೇಳದೆ ಕಳಿಸುವುದು ಸಣ್ಣ ತಪ್ಪಲ್ಲ.

ಎಂಟು ಹರ್ಡಲ್‌ನಲ್ಲಿ ಬೋಲ್ಟ್ ಸಡಿಲಿಸಿ ಗಟ್ಟಿಯನ್ನು ಹತ್ತಿರ ತಂದು ಬಿಗಿಮಾಡಿದೆ. ಎಳೆತ 3.7, 3.8ಕ್ಕೆ ಇಳಿಯಿತು. ಉಳಿದ ಎರಡರಲ್ಲಿ ಆಗಲಿಲ್ಲ. ತೂತು ಸರಿಯಾದ ಜಾಗದಲ್ಲಿ ಕೊರೆದಿರಲಿಲ್ಲ, ಬೋಲ್ಟ್ ಕೂರುತ್ತಿರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ಮಾಲನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ ಅಂದರು. ಎರಡು ಕಬ್ಬಿಣದ ಹರ್ಡಲನ್ನು ಇಲ್ಲಿಂದ ಅಷ್ಟು ದೂರ ಕಳಿಸುವ ಖರ್ಚಿಗೆ ಇನ್ನೊಂದು ಹರ್ಡಲ್ ಬರುತ್ತದೆ. ಕೊನೆಗೆ ಊರಿನ ವೆಲ್ಡಿಂಗ್ ಶಾಪಿನವರು ಹೊಸ ತೂತು ಕೊರೆದು ಕೊಟ್ಟರು. ಎರಡಕ್ಕೂ ಸೇರಿ 400 ರೂಪಾಯಿ. ಅರ್ಧ ಗಂಟೆಯ ಕೆಲಸ. ಮಾರಿದ ಮೇಲಿನ ಸೇವೆಗೆ ನಾನು ಕಡಿಮೆ ಅಂಕ ಕೊಡುವುದು ಇದಕ್ಕೇ.

ಇನ್ನೊಂದು ಮಾತು, ಇದು ಎಲ್ಲ ಕಂಪನಿಯ ಹರ್ಡಲಿಗೂ ಅನ್ವಯ. ಕಾಲುಗಳು ಓಡಿ ಬರುವವರ ಕಡೆಗೆ ಚಾಚಿರಬೇಕು. ತಿರುಗಿಸಿ ಇಟ್ಟರೆ ಹರ್ಡಲ್ ಏನು ಮಾಡಿದರೂ ಮುಂದಕ್ಕೆ ಬೀಳುವುದಿಲ್ಲ. ಅವಸರದಲ್ಲಿ ಮಕ್ಕಳು ತಿರುಗಿಸಿ ಇಟ್ಟುಬಿಡುತ್ತಾರೆ. ನಾನು ಪ್ರತಿ ಹರ್ಡಲಿನ ಕಾಲಿಗೆ ಹಳದಿ ಪೇಂಟ್ ಬಳಿದಿದ್ದೇನೆ. ಓಡುವ ಮೊದಲು ಗೆರೆಯಲ್ಲಿ ನಿಂತು ನೋಡಿದರೆ ಹತ್ತು ಜೊತೆ ಹಳದಿ ಕಾಣಬೇಕು. ಕಾಣದಿದ್ದರೆ ಓಟ ಇಲ್ಲ.

ಹಿಂದಿನ ಕಾಲದಲ್ಲಿ ಹರ್ಡಲ್ ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದ ಹಾಗೆ ಇತ್ತು. ಭಾರ, ತಾಗಿದರೆ ಓಡುವವರಿಗೇ ಪೆಟ್ಟು. ಮೂರು ಹರ್ಡಲ್ ಕೆಡವಿದರೆ ಓಟದಿಂದಲೇ ಹೊರಗೆ ಅನ್ನುವ ನಿಯಮವೂ ಇತ್ತು. ಈಗಿನ ಎಲ್ ಆಕಾರ ಬಂದದ್ದು 1935ರಲ್ಲಿ. ಅಲ್ಲಿಂದ ಮೇಲೆ ಓಟಗಾರರು ಪಟ್ಟಿಗೆ ತೀರಾ ಹತ್ತಿರ ಹೋಗುವ ಧೈರ್ಯ ಮಾಡಿದರು. ಈಗ ಓಡುವಾಗ ಅಕಸ್ಮಾತ್ ಕಾಲು ತಾಗಿ ಬಿದ್ದರೆ ಅಷ್ಟಕ್ಕೇ ತಪ್ಪಲ್ಲ, ಕೈಯಿಂದ ಕೆಡವಿದರೆ ತಪ್ಪು. ಒಟ್ಟೋಜ್ ಓಡಿದ 110 ಮೀಟರಿನಲ್ಲಿ ಹರ್ಡಲಿಂದ ಹರ್ಡಲಿಗೆ 9.14 ಮೀಟರ್, ನಡುವೆ ಮೂರೇ ಹೆಜ್ಜೆ. ಮೂರು ಹೆಜ್ಜೆ, ದಾಟು. ಮೂರು ಹೆಜ್ಜೆ, ದಾಟು. ಮೊದಲ ಹರ್ಡಲ್ ದಾಟಿದ ಮೇಲೆ ಒಂಬತ್ತು ಸಲ. ಮೇಲಕ್ಕೆ ಹಾರಿದರೆ ಗಾಳಿಯಲ್ಲೇ ಹೊತ್ತು ಹೋಗುತ್ತದೆ. ನಾನು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ದಿನಾ ಹೇಳುವುದು ಒಂದೇ. ಹಾರಬೇಡಿ, ಓಡುತ್ತಾ ದಾಟಿ. ಆದರೆ ಹರ್ಡಲ್ ಬೀಳುತ್ತದೆ ಅನ್ನುವ ನಂಬಿಕೆ ಇಲ್ಲದ ಮಗು ಹಾರಿಯೇ ಹಾರುತ್ತದೆ. ಎಷ್ಟು ಬೈದರೂ ಪ್ರಯೋಜನ ಇಲ್ಲ. ಅದಕ್ಕೇ ಬಣ್ಣ, ಪ್ಯಾಕಿಂಗ್, ಗುಂಡಿ ಎಲ್ಲಕ್ಕಿಂತ ಮೊದಲು ಹರ್ಡಲ್ ಹೇಗೆ ಬೀಳುತ್ತದೆ ಅಂತ ನೋಡಿ ಅನ್ನುತ್ತಿದ್ದೇನೆ.

ಬಿದ್ದ ಹುಡುಗಿ ಒಂಬತ್ತು ದಿನ ಮೈದಾನಕ್ಕೆ ಬರಲಿಲ್ಲ. ಬಂದ ದಿನ ಬೇಲಿಯ ಹತ್ತಿರ ಕೂತು ನೋಡುತ್ತಿದ್ದಳು. ನಾನು ಕರೆಯಲಿಲ್ಲ. ಸ್ಪ್ರಿಂಗ್ ತಕ್ಕಡಿ ಅವಳ ಕೈಗೆ ಕೊಟ್ಟೆ. ಹತ್ತೂ ಹರ್ಡಲ್ ಎಳೆದು, ಎಷ್ಟಕ್ಕೆ ಬೀಳುತ್ತದೆ ಅಂತ ಪುಸ್ತಕದಲ್ಲಿ ಬರೆ ಅಂದೆ. ಎಳೆದಳು, ಬರೆದಳು. ನಾಲ್ಕನೆಯದನ್ನು, ಅವಳನ್ನು ಬೀಳಿಸಿದ್ದನ್ನು, ಮೂರು ಸಲ ಎಳೆದಳು. ಆಮೇಲೆ ಕೇಳಿದಳು, "ಒಟ್ಟೋಜ್ ಮತ್ತೆ ಏನಾದ್ರು ಟೀಚರೇ, ಓಟ ಬಿಟ್ಟ ಮೇಲೆ?"

ಆ ಕಥೆಯನ್ನು ನಾನು ಕ್ಲಾಸಿನಲ್ಲಿ ಹೇಳಿರಲಿಲ್ಲ. ಒಟ್ಟೋಜ್ ಹುಟ್ಟಿದ್ದು 1944ರಲ್ಲಿ, ಫ್ರಾನ್ಸಿನಲ್ಲಿ. ಅವರ ಊರು ಇಟಲಿಯ ಗಡಿಯ ಅಯೋಸ್ತಾ ಕಣಿವೆ. ಅಲ್ಲಿ ಇಟಾಲಿಯನ್, ಫ್ರೆಂಚ್ ಎರಡೂ ನಡೆಯುತ್ತದೆ. ಗಡಿಯಲ್ಲಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾ! ಅವರ ಕೋಚ್ ಸಾಂಡ್ರೋ ಕಾಲ್ವೇಸಿ. ಕೋಚ್ ಮಗಳನ್ನೇ ಒಟ್ಟೋಜ್ ಮದುವೆಯಾದರು. ಅತ್ತೆ ಗಾಬ್ರೆ ಗಾಬ್ರಿಚ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದವರು. ತೊಂಬತ್ತು ದಾಟಿದ ಮೇಲೂ ಹಿರಿಯರ ಕ್ರೀಡಾಕೂಟಕ್ಕೆ ಹೋಗುತ್ತಿದ್ದರು. 2015ರಲ್ಲಿ ತೀರಿಕೊಂಡಾಗ 101 ವರ್ಷ. ಇದನ್ನು ಕೇಳಿ ಹುಡುಗಿ ತನ್ನ ಅಜ್ಜಿಯ ವಯಸ್ಸು ಲೆಕ್ಕ ಹಾಕಿದಳು.

ಮೆಕ್ಸಿಕೋದಲ್ಲಿ ಓಡಿದ 13.46 ಇಟಲಿಯ ದಾಖಲೆಯಾಗಿ 26 ವರ್ಷ ಉಳಿಯಿತು. 1994ರಲ್ಲಿ ಮುರಿದವರು ಬೇರೆ ಯಾರೂ ಅಲ್ಲ, ಅವರ ಮಗ ಲೊರಾನ್ ಒಟ್ಟೋಜ್. ಓಡಿದ್ದು 13.42. ಹುಡುಗಿ ತಕ್ಷಣ ಬೋರ್ಡಿನ ಮೇಲಿದ್ದ ಅಂಕಿ ನೆನಪು ಮಾಡಿದಳು. ಮೆಕ್ಸಿಕೋದಲ್ಲಿ ಅಪ್ಪನ ಮುಂದೆ ಎರಡನೆಯವರಾಗಿ ಬಂದ ಹಾಲ್ ಓಡಿದ್ದೂ 13.42! ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಪ್ಪನಿಗೆ ಬೆಳ್ಳಿ ತಪ್ಪಿದ ಅದೇ ಅಂಕಿಯನ್ನು ಮಗ ಓಡಿದ.

ಮರುದಿನ ಅವಳು ಓಡಿದಳು. ಉಪಜಿಲ್ಲಾ ಕ್ರೀಡಾಕೂಟದಲ್ಲಿ 80 ಮೀಟರ್ ಹರ್ಡಲ್ಸ್‌ಗೆ ಇಳಿದಳು. ಮೂರನೆಯದು ತಾಗಿತು, ಬಿತ್ತು, ಅವಳು ನಿಲ್ಲಲಿಲ್ಲ. ಆರನೇ ಬಂದಳು. ನಮ್ಮ ಶಾಲೆಯ ಇನ್ನೊಬ್ಬಳಿಗೆ ಎರಡನೇ ಸ್ಥಾನ ಬಂತು, ಕಂದಾಯ ಜಿಲ್ಲಾ ಮಟ್ಟಕ್ಕೆ ಹೋದಳು.

ಬಾಳಿಕೆಯ ಬಗ್ಗೆ. ನಮ್ಮ ಕಡೆಯ ಮಳೆಗಾಲಕ್ಕೆ ಇದರ ಪೌಡರ್ ಕೋಟಿಂಗ್ ಸಾಲದು. ಬೋಲ್ಟ್ ಇರುವ ಕಡೆ, ಬುಡದಲ್ಲಿ, ಎರಡನೇ ಮಳೆಗೇ ತುಕ್ಕು ಕಂಡಿತು. ಕಾಲಿನ ರಬ್ಬರ್ ಮುಚ್ಚಳದೊಳಗೆ ನೀರು ನಿಲ್ಲುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮೇ ಕೊನೆಗೆ ಮುಚ್ಚಳ ಬಿಚ್ಚಿ, ಒಣಗಿಸಿ, ಗ್ರೀಸ್ ಹಚ್ಚಿ ಒಳಗಿಡಿ. ಗಟ್ಟಿಯ ಬೋಲ್ಟಿಗೆ ತಿಂಗಳಿಗೊಮ್ಮೆ ಎಣ್ಣೆ. ಅದು ತುಕ್ಕು ಹಿಡಿದು ಕೂತರೆ ಮತ್ತೆ ಬೀಳದ ಹರ್ಡಲ್ ಆಯಿತು. ಒಂದರ ಮೇಲೊಂದು ಪೇರಿಸಿದರೆ ಜಾಗ ಜಾಸ್ತಿ ಬೇಡ, ನಮ್ಮಲ್ಲಿ ಸ್ಟೇಜಿನ ಕೆಳಗೆ ಹಿಡಿಸುತ್ತದೆ.

ಐದಕ್ಕೆ ಎಷ್ಟು ಅಂದರೆ, ಮಾಲಿಗೆ ಮೂರೂವರೆ, ಸೇವೆಗೆ ಒಂದು. ಗಟ್ಟಿ ಸರಿ ಮಾಡಿಕೊಂಡ ಮೇಲೆ ಹರ್ಡಲ್ ಒಳ್ಳೆಯದೇ. ಈ ಬೆಲೆಗೆ ಮತ್ತೆ ತೆಗೆದುಕೊಳ್ಳುತ್ತೇನೆ. ದುಡ್ಡು ಕಡಿಮೆ ಇದ್ದರೆ ಹತ್ತು ಬೇಡ. ನಾಲ್ಕು ತೆಗೆದುಕೊಳ್ಳಿ, ಲಯ ಕಲಿಸಲು ನಾಲ್ಕು ಸಾಕು. ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಇದು ಬೇಡವೇ ಬೇಡ. ಅವರಿಗೆ ರಟ್ಟಿನ ಪೆಟ್ಟಿಗೆ ಸಾಲಾಗಿ ಇಟ್ಟು ಓಡಿಸಿ.

ಆರ್ಡರ್ ಕೊಡುವ ಮೊದಲು ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ. ಕಾಲಿನ ತೂಕದ ಗಟ್ಟಿ ಪ್ರತಿ ಎತ್ತರಕ್ಕೂ ಬೇರೆ ಜಾಗದಲ್ಲಿ ನಿಲ್ಲುತ್ತದಾ, ಗುರುತು ಹಾಕಿದೆಯಾ? ಗುರುತಿನ ಫೋಟೋ ಕಳಿಸಲಿ. ಮಾಲು ಬಂದ ದಿನವೇ ತಕ್ಕಡಿ ಹಾಕಿ ಎಳೆದು ನೋಡಿ. ತಕ್ಕಡಿ ಇಲ್ಲದವರು ನಮ್ಮ ಶಾಲೆಗೆ ಬನ್ನಿ, ಕೊಡುತ್ತೇನೆ. ಹೇಗೆ ಎಳೆಯುವುದು ಅಂತ ಈಗ ಎಂಟನೇ ಕ್ಲಾಸಿಗೆ ಬಂದ ಆ ಹುಡುಗಿ ತೋರಿಸಿಕೊಡುತ್ತಾಳೆ. ಸ್ಪ್ಯಾನರ್ ಅವಳ ಬ್ಯಾಗಿನಲ್ಲೇ ಇರುತ್ತದೆ.